ಬದಲಾವಣೆಯ ಖರ್ಚು ಯಾರ ತಲೆಗೆ?

ಸಭಾ ನಾಯಕತ್ವ ಕುರಿತು ಓದುಗರ ಪತ್ರಗಳಿಗೆ ನಿವೃತ್ತ ಸಭಾಪಾಲಕರೊಬ್ಬರ ಉತ್ತರ

ಅಯ್ಯನವರೇ, ನಾನು ಬೆಂಗಳೂರಿನ ಲಿಂಗರಾಜಪುರದ ಒಂದು ಕನ್ನಡ ಸಭೆಯ ಕಾರ್ಯದರ್ಶಿ. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಇಂಗ್ಲಿಷ್ ಆರಾಧನೆ ಬೇಕು, ಪರದೆ ಬೇಕು, ಗಿಟಾರ್ ಬೇಕು ಅನ್ನುತ್ತಾರೆ. ಕೊಡದಿದ್ದರೆ ಹೆಣ್ಣೂರು ರಸ್ತೆಯ ಹೊಸ ಸಭೆಗಳಿವೆ. ಕೆಲವರು ಹೋಗಿಯೂ ಆಯಿತು. ಹಿರಿಯರದು ಒಂದೇ ಮಾತು: ‘ಕನ್ನಡ ಹೋದ ಮೇಲೆ ನಾವ್ಯಾಕೆ ಬರಬೇಕು?’ ಕಳೆದ ಕಮಿಟಿಯಲ್ಲಿ ಕುರ್ಚಿ ಎತ್ತುವುದೊಂದು ಬಾಕಿ ಇತ್ತು. ನಾಯಕನಾದವನು ಬದಲಾವಣೆಗೆ ಹೆದರಬಾರದು ಎಂದು ಈಚೆಗೆ ಒಂದು ಶಿಬಿರದಲ್ಲಿ ಹೇಳಿಕೊಟ್ಟರು. ಹೆದರದೆ ಏನು ಮಾಡಲಿ, ಅದನ್ನು ಹೇಳಿ.

ಸಹೋದರರೇ, ಮೊದಲು ಹಿರಿಯರ ಮಾತು ಕೇಳೋಣ. ಭಾನುವಾರ ಬೆಳಿಗ್ಗೆ ನಿಮ್ಮ ಫ್ಲೈಓವರ್ ಇಳಿದು ಸೇಂಟ್ ಥಾಮಸ್ ಟೌನ್ ಕಡೆ ನಡೆದರೆ ತಮಿಳು, ತೆಲುಗು, ಮಲಯಾಳಂ, ಇಂಗ್ಲಿಷ್ ಹಾಡುಗಳೆಲ್ಲ ಕಿವಿಗೆ ಬೀಳುತ್ತವೆ. ದಂಡು ಪ್ರದೇಶದ ಕ್ರೈಸ್ತ ಬದುಕು ಬೆಳೆದದ್ದೇ ಇಂಗ್ಲಿಷ್ ಮತ್ತು ತಮಿಳಿನಲ್ಲಿ. ಕನ್ನಡದ ಹಳೆಯ ದೇವಾಲಯಗಳು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ, ಹಡ್ಸನ್ ಸ್ಮಾರಕ, ಪೇಟೆಯ ಕಡೆಗಿವೆ. ಈ ದಿಕ್ಕಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸಲು ಒಂದು ಜಾಗ ಮಾಡಿಕೊಂಡವರಿಗೆ ಅದು ಮತ್ತೆ ಕೈತಪ್ಪೀತು ಎಂಬ ದಿಗಿಲು ಇರುವುದು ಸಹಜ. ಅದಕ್ಕೆ ಹಟ ಎಂದು ಹೆಸರಿಡಬೇಡಿ.

ಎಜ್ರನ ಗ್ರಂಥದ ಮೂರನೆಯ ಅಧ್ಯಾಯ ತೆಗೆದು ನೋಡಿ. ಸೆರೆಯಿಂದ ಮರಳಿದ ಜನ ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕುತ್ತಾರೆ. ಕಿರಿಯರು ಆನಂದದಿಂದ ಆರ್ಭಟಿಸುತ್ತಾರೆ. ಹಳೆಯ ಆಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ. ಅಳು ಯಾವುದು, ಆರ್ಭಟ ಯಾವುದು ಎಂದು ದೂರದವರಿಗೆ ತಿಳಿಯದಂತಾಗುತ್ತದೆ. ಯಾಜಕರಾಗಲಿ ಮುಂದಾಳು ಜೆರುಬ್ಬಾಬೆಲನಾಗಲಿ ಮುದುಕರಿಗೆ ‘ಸುಮ್ಮನಿರಿ, ಶುಭಕಾರ್ಯದಲ್ಲಿ ಅಳಬೇಡಿ’ ಎಂದ ದಾಖಲೆ ಅಲ್ಲಿಲ್ಲ. ಆ ಅಳುವಿನಿಂದ ಕಟ್ಟಡದ ಕೆಲಸವಂತೂ ನಿಲ್ಲಲಿಲ್ಲ, ಆಮೇಲೆ ಅದನ್ನು ನಿಲ್ಲಿಸಿದ್ದು ಹೊರಗಿನ ವಿರೋಧಿಗಳು. ನಿಮ್ಮ ಕಮಿಟಿಯಲ್ಲಿ ಹಿರಿಯರಿಗೆ ಅಳಲು ಒಂದು ದಿನ ಕೊಟ್ಟಿದ್ದೀರಾ? ಮತಕ್ಕೆ ಹಾಕುವ ದಿನವಲ್ಲ, ಬರೀ ಕೇಳಿಸಿಕೊಳ್ಳುವ ದಿನ.

ಈಗ ಕಿರಿಯರ ಕಡೆ ಬರೋಣ. ಸಭೆಯ ಮೊದಲ ಭಾಷಾ ಜಗಳ ಬೆಂಗಳೂರಿನದಲ್ಲ, ಯೆರೂಸಲೇಮಿನದು. ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಭಾಷೆಯವರು ಇಬ್ರಿಯ ಭಾಷೆಯವರ ಮೇಲೆ ದೂರುತ್ತಾರೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಅಪೊಸ್ತಲರು ಸಮಜಾಯಿಷಿ ಕೊಡುತ್ತಾ ಕೂರಲಿಲ್ಲ, ವಿಚಾರಣಾ ಸಮಿತಿ ನೇಮಿಸಲಿಲ್ಲ. ಏಳು ಜನರನ್ನು ಆರಿಸಿ ಎಂದು ಸಭೆಗೇ ಬಿಟ್ಟರು. ಆ ಏಳು ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರು! ದೂರು ತಂದ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು. ಹನ್ನೆರಡು ಮಂದಿಯ ಕೈಯಿಂದ ಒಂದು ಅಧಿಕಾರ ಜಾರಿತು, ಅವರೇ ಜಾರಿಸಿದರು. ನನ್ನ ಮಟ್ಟಿಗೆ ಕ್ರೈಸ್ತ ನಾಯಕತ್ವದ ಒರೆಗಲ್ಲು ಇದೇ: ಬದಲಾವಣೆಯ ಮೊದಲ ಖರ್ಚು ನಾಯಕನ ಜೇಬಿನಿಂದ ಹೋಗಬೇಕು. ಹಿರಿಯರು ತಮ್ಮ ಕೀರ್ತನೆ ಬಿಡಲಿ, ಹುಡುಗರು ತಮ್ಮ ಗಿಟಾರ್ ಬಿಡಲಿ, ಕಾರ್ಯದರ್ಶಿ ಮಾತ್ರ ತನ್ನ ಮೈಕು ಬಿಡದಿರಲಿ ಎಂದರೆ ಯಾರೂ ಒಪ್ಪುವುದಿಲ್ಲ.

ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದ್ದೂ ಹೀಗೆಯೇ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿದು ಐಕ್ಯವಾದದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. ಇಪ್ಪತ್ತೆಂಟು ವರ್ಷ! ಬಿಷಪ್ ಎಂಬ ಹುದ್ದೆಯೇ ಬೇಡವೆನ್ನುತ್ತಿದ್ದವರು ಬಿಷಪ್ಪರನ್ನು ಒಪ್ಪಿದರು. ಬಿಷಪ್ಪರ ಹಸ್ತದಿಂದ ಅಭಿಷೇಕವಾಗದವನು ಪಾದ್ರಿಯೇ ಅಲ್ಲ ಎನ್ನುತ್ತಿದ್ದ ಆಂಗ್ಲಿಕನ್ನರು ಬೇರೆ ಸಭೆಗಳ ಪಾದ್ರಿಗಳನ್ನು ಮತ್ತೆ ಅಭಿಷೇಕಿಸದೆ ಇದ್ದಂತೆಯೇ ಬರಮಾಡಿಕೊಂಡರು. ಲಂಡನ್ ಮಿಷನ್ನಿನ ರೈಸ್ ದೇವಾಲಯ, ವೆಸ್ಲಿಯನ್ನರ ಹಡ್ಸನ್ ದೇವಾಲಯ, ಆಂಗ್ಲಿಕನ್ನರ ಸೇಂಟ್ ಮಾರ್ಕ್ಸ್ ಒಂದೇ ಸಭಾಪ್ರಾಂತಕ್ಕೆ ಸೇರಿದವು. ಪ್ರತಿಯೊಬ್ಬರೂ ಏನನ್ನೋ ಕಳೆದುಕೊಂಡೇ ಒಳಗೆ ಬಂದರು. ನೀವು ಮೂರು ತಿಂಗಳಲ್ಲಿ ಮುಗಿಸಬೇಕೆಂದು ಹೊರಟಂತಿದೆ, ಸ್ವಲ್ಪ ತಾಳಿ.

ಮಾಡುವ ಕೆಲಸ ಇಷ್ಟು. ಬೆಳಗಿನ ಕನ್ನಡ ಆರಾಧನೆ ಮುಟ್ಟಬೇಡಿ. ತಿಂಗಳಿಗೊಂದು ಸಂಜೆ ಹುಡುಗರ ಕೈಗೆ ಬಿಡಿ, ಗಿಟಾರ್ ಬರಲಿ, ಇಂಗ್ಲಿಷೂ ಬರಲಿ. ಪ್ರಸಂಗಿ ಯಾರು, ಹಾಡು ಯಾವುದು ಎಂದು ನೀವು ಮಧ್ಯೆ ಹೋಗಬೇಡಿ. ಪರದೆಯಂತೂ ಹಾಕಿ, ಆದರೆ ಕೀರ್ತನೆಯನ್ನು ಬರೀ ಇಂಗ್ಲಿಷ್ ಅಕ್ಷರದಲ್ಲಿ ತೋರಿಸುವ ಚಾಳಿ ಬೇಡ. ಮೇಲೆ ದಪ್ಪ ಕನ್ನಡ ಅಕ್ಷರ, ಕೆಳಗೆ ಇಂಗ್ಲಿಷ್ ಅಕ್ಷರ, ಜೊತೆಗೆ ಪುಸ್ತಕದ ಕೀರ್ತನೆ ನಂಬರನ್ನು ಬಾಯಲ್ಲೂ ಹೇಳಿ. ಕೈಹೊಲಿಗೆಯ ಬಟ್ಟೆ ಕವರ್ ಹಾಕಿದ ಕೀರ್ತನೆ ಪುಸ್ತಕ ಹಿಡಿದು ಬರುವ ಅಜ್ಜಿಗೆ ಆ ನಂಬರೇ ದಾರಿ. ಪಕ್ಕದಲ್ಲಿ ಕೂತ ಮೊಮ್ಮಗಳು ಎರಡು ಸಾಲನ್ನೂ ನೋಡುತ್ತಾ ನೋಡುತ್ತಾ ಅಕ್ಷರ ಕಲಿತಾಳು. ಸಂಡೇ ಸ್ಕೂಲಿನಲ್ಲಿ ಹತ್ತು ನಿಮಿಷ ಕನ್ನಡ ಓದು ಇಡಿ, ಅದನ್ನು ಕಲಿಸಲು ಗೊಣಗುವ ಹಿರಿಯರನ್ನೇ ಕರೆಯಿರಿ.

ಅಯ್ಯನವರೇ, ನಾನು ಸಭೆಯ ಮಹಿಳಾ ಕೂಟದಿಂದ ಪಾಸ್ಟರೇಟ್ ಕಮಿಟಿಗೆ ಆರಿಸಿ ಬಂದವಳು. ಬಾಡಿಗೆ ಏರಿ ಹೊರಮಾವು, ಕೊತ್ತನೂರಿಗೆ ಹೋದ ಕುಟುಂಬಗಳಿಗೆ ಅಲ್ಲೇ ಮನೆಕೂಟ ನಡೆಸೋಣ ಎಂದೆ. ‘ನೋಡೋಣಮ್ಮಾ’ ಎಂದರು. ಮೂರು ಮೀಟಿಂಗ್‌ನಿಂದ ಅದೇ ಉತ್ತರ. ಮಿನಿಟ್ಸ್‌ನಲ್ಲಿ ನನ್ನ ಮಾತೇ ಇಲ್ಲ. ಕುಕ್ ಟೌನ್.

ಅಮ್ಮಾ, ‘ನೋಡೋಣ’ ಎಂಬುದು ನಮ್ಮ ಕಮಿಟಿಗಳಲ್ಲಿ ‘ಇಲ್ಲ’ ಎನ್ನುವುದರ ಮರ್ಯಾದೆಯ ರೂಪ. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆ, ಯಾಜಕ, ಕುಲಾಧಿಪತಿಗಳು, ಇಡೀ ಸಮೂಹದ ಮುಂದೆ ಒಟ್ಟಿಗೆ ನಿಂತು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದರು. ಒಬ್ಬಳೇ ಹೋಗಿ ಕಿವಿಯಲ್ಲಿ ಹೇಳಲಿಲ್ಲ. ಮೋಶೆ ತನ್ನ ಅಭಿಪ್ರಾಯ ಹೇಳಲೂ ಹೋಗದೆ ಸಂಗತಿಯನ್ನು ದೇವರ ಮುಂದೆ ಇಟ್ಟ, ಕಾನೂನೇ ಬದಲಾಯಿತು. ಪ್ರಸಂಗಿಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. 36ನೇ ಅಧ್ಯಾಯದಲ್ಲಿ ಕುಲದ ಹಿರಿಯರು ಬಂದು, ಇವರು ಬೇರೆ ಕುಲಕ್ಕೆ ಮದುವೆಯಾದರೆ ನಮ್ಮ ಭೂಮಿ ಹೋಗುತ್ತದಲ್ಲ ಎನ್ನುತ್ತಾರೆ. ಅದಕ್ಕೂ ಒಂದು ತಿದ್ದುಪಡಿ ಬರುತ್ತದೆ. ಹಕ್ಕು ಉಳಿಯಿತು, ಷರತ್ತು ಸೇರಿತು. ನಿಮ್ಮ ಪ್ರಸ್ತಾಪಕ್ಕೂ ಹಾಗೆ ಕತ್ತರಿ ಬಿದ್ದೀತು, ಬೇಸರಿಸಬೇಡಿ.

ಮುಂದಿನ ಸಲ ಬರವಣಿಗೆಯಲ್ಲಿ ಕೊಡಿ, ಅನುಮೋದಕರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಹೊರಮಾವಿನ ಕುಟುಂಬಗಳ ಸಹಿ ಹಾಕಿಸಿ. ಹಿಂದಿನ ಮೀಟಿಂಗ್‌ನ ಮಿನಿಟ್ಸ್ ಓದುವಾಗಲೇ ಎದ್ದುನಿಂತು ‘ನನ್ನ ಪ್ರಸ್ತಾಪ ಬಿಟ್ಟುಹೋಗಿದೆ’ ಎನ್ನಿ, ಅದು ನಿಮ್ಮ ಹಕ್ಕು. ಸಿಎಸ್‌ಐ ಮೊದಲ ಬಾರಿ ಮಹಿಳೆಗೆ ಪಾದ್ರಿ ಅಭಿಷೇಕ ಕೊಟ್ಟದ್ದು 1976ರಲ್ಲಿ. ನಂದ್ಯಾಲಕ್ಕೆ ಇ. ಪುಷ್ಪಲಲಿತಾ ಬಿಷಪ್ಪರಾಗಿ ಬಂದದ್ದು 2013ರಲ್ಲಿ. ನಡುವೆ ಎಷ್ಟು ‘ನೋಡೋಣಮ್ಮಾ’ ದಾಟಿರಬೇಕು, ಲೆಕ್ಕ ಹಾಕಿ.

ಕಾಣಿಕೆಗೆ ಕ್ಯುಆರ್ ಕೋಡ್ ಹಾಕಿದೆವು. ಕಾಣಿಕೆ ಚೀಲ ನಿಲ್ಲಿಸೋಣವೇ? ಖಜಾಂಚಿ, ಕಮ್ಮನಹಳ್ಳಿ.

ನಿಲ್ಲಿಸಬೇಡಿ. ಎರಡು ಕಾಸು ಹಾಕಿದ ವಿಧವೆ ಯೇಸುವಿನ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಹತ್ತಿರ ನಡೆದು ಬಂದದ್ದರಿಂದ. ಕೋಡೂ ಇರಲಿ, ಚೀಲವೂ ಇರಲಿ, ಎಣಿಸುವಾಗ ಇಬ್ಬರಿರಲಿ.

ಬಹಳ ವರ್ಷಗಳಿಂದ ಸಂಡೇ ಸ್ಕೂಲಿನ ಮೇಲ್ವಿಚಾರಕ ನಾನೇ. ಈಗ ಒಬ್ಬ ಹುಡುಗಿಗೆ ವಹಿಸು ಎನ್ನುತ್ತಿದ್ದಾರೆ. ಕೊಡಲು ಮನಸ್ಸಿದೆ, ಆದರೆ ಅವಳಿಗೆ ಅನುಭವ ಸಾಲದು. ಲಿಂಗರಾಜಪುರ.

ಸಹೋದರರೇ, ಮನಸ್ಸಿದೆ ಎಂದ ಮೇಲೆ ಬಂದ ಆ ‘ಆದರೆ’ ಮೇಲೆಯೇ ನನಗೆ ಅನುಮಾನ. ಮೇಲಿನ ತಾಯಿಗೆ ಹೇಳಿದ ಅದೇ ಅರಣ್ಯಕಾಂಡ 27ನೇ ಅಧ್ಯಾಯದ ಕೊನೆ ಓದಿ. ಮೋಶೆ ತಾನು ಬದುಕಿರುವಾಗಲೇ, ಎಲ್ಲರ ಕಣ್ಣೆದುರು ಯೆಹೋಶುವನ ಮೇಲೆ ಕೈಯಿಟ್ಟು ತನ್ನ ಅಧಿಕಾರದಲ್ಲಿ ಒಂದು ಪಾಲು ಕೊಡಬೇಕೆಂದು ದೇವರ ಅಪ್ಪಣೆಯಾಗುತ್ತದೆ. ಪೂರ್ತಿ ಅಲ್ಲ, ಒಂದು ಪಾಲು. ಅನುಭವ ಸಾಲದವರಿಗೆ ಅಧಿಕಾರ ಹಸ್ತಾಂತರಿಸುವ ಕ್ರಮ ಅದು. ಈ ಜೂನಿನಿಂದ ಹಾಜರಿ ಪುಸ್ತಕ ಮತ್ತು ಶಿಕ್ಷಕರ ಮೀಟಿಂಗ್ ಅವಳದಾಗಲಿ. ಕ್ರಿಸ್ಮಸ್ ನಾಟಕ ಅವಳೇ ಮಾಡಿಸಲಿ, ಲೆಕ್ಕ ಬರುವ ವರ್ಷ ಕೊಡಿ. ಆರಾಧನೆಯಲ್ಲಿ ನಿಂತು ಎಲ್ಲರ ಮುಂದೆ ಅವಳ ಹೆಸರು ಹೇಳಿ. ಆ ಮೇಲೆ ಯಾವ ಪೋಷಕರು ನಿಮಗೆ ಫೋನ್ ಮಾಡಿದರೂ ‘ಅವಳನ್ನು ಕೇಳಿ’ ಎನ್ನಿ. ಮೊದಲ ವರ್ಷ ಕುರುಬರು ಗೋದಲಿಗೆ ತಡವಾಗಿ ಬಂದರೆ ಬರಲಿ, ದೇವದೂತನ ರೆಕ್ಕೆ ಕಳಚಿದರೆ ಕಳಚಲಿ. ನೀವು ಪಿನ್ನು ಹಿಡಿದು ವೇದಿಕೆಗೆ ಓಡಬೇಡಿ.