ಪಾಕಸ್ಪರ್ಧೆಯಿಂದ ಪೇಟೆಯವರೆಗೆ: ಬೀದರ ಸೀಮೆಯಿಂದ ಕಲಿಯತಕ್ಕ ಪಾಠ



ಕಾಫಿಯಾಗಲಿ ಅಡಿಕೆಯಾಗಲಿ ವರ್ಷಕ್ಕೊಮ್ಮೆ ಹಣ ತರುವ ಬೆಳೆ. ಮನೆಯ ಖರ್ಚಾದರೋ ದಿನವೂ ಇರುವಂಥದು. ಮಳೆಗಾಲದ ತಿಂಗಳುಗಳಲ್ಲಿ ಸಣ್ಣ ಹಿಡುವಳಿದಾರನ ಕೈ ಬರಿದಾಗುವುದು ನಮಗೆಲ್ಲ ಗೊತ್ತಿದೆ. ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಿ ಈ ಸಂಕಟ ಇನ್ನೂ ಹೆಚ್ಚು. ಇಂಥ ಹೊತ್ತಿನಲ್ಲಿ ಮನೆಯ ಹೆಣ್ಣುಮಕ್ಕಳ ಅಡುಗೆಯ ಜಾಣ್ಮೆ ಒಂದು ಆದಾಯವಾದೀತೇ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಇದಕ್ಕಾಗಿ ನಾವು ಮಲೆನಾಡನ್ನು ಬಿಟ್ಟು ರಾಜ್ಯದ ಉತ್ತರದ ತುದಿಗೆ ಹೋಗಬೇಕಾಗುತ್ತದೆ. ಬೀದರ ನಗರದಿಂದ ಕೆಲವೇ ಕಿಲೋಮೀಟರು ಪೂರ್ವಕ್ಕೆ ಅಷ್ಟೂರ ಎಂಬ ಊರಿದೆ. ಬಹಮನಿ ಅರಸರ ಗುಮ್ಮಟಗಳು ಇರುವುದು ಇಲ್ಲಿಯೇ. 1436ರಲ್ಲಿ ತೀರಿಕೊಂಡ ಅಹಮದ್ ಶಾಹನ ಗೋರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ದೊಡ್ಡ ಜಾತ್ರೆ ಸೇರುತ್ತದೆ. ಅಷ್ಟೂರ, ಭಾಲ್ಕಿ, ಔರಾದ ಕಡೆಯದು ತೊಗರಿ, ಉದ್ದು, ಹೆಸರು, ಜೋಳಗಳ ಸೀಮೆ. ಅಲ್ಲಿ ಅಡಿಕೆಯ ಮರ ಕಾಣಸಿಗದು. ಆದರೆ ಎಳ್ಳಮಾವಾಸ್ಯೆಯ ದಿನ ಅಲ್ಲಿನ ಹೊಲಗಳಲ್ಲಿ ಸಜ್ಜೆ ರೊಟ್ಟಿ, ಕಾಳು ಸೊಪ್ಪುಗಳ ಭಜ್ಜಿ, ಜೋಳದ ಅಂಬಲಿಗಳನ್ನು ಬುತ್ತಿ ಕಟ್ಟಿಕೊಂಡು ಹೋಗಿ ಬಂದವರಿಗೆಲ್ಲ ಬಡಿಸುತ್ತಾರೆ. ಯಾರ ಮನೆಯ ಭಜ್ಜಿ ರುಚಿ ಎಂಬ ಮಾತು ಆಗ ಬಂದೇ ಬರುತ್ತದೆ. ತೀರ್ಪುಗಾರರಿಲ್ಲದ ಪಾಕಸ್ಪರ್ಧೆ ಎಂದರೆ ಇದೇ.

ಇಂಥ ರುಚಿಗಳಿಗೆ ಸರಕಾರವೂ ವೇದಿಕೆ ಒದಗಿಸಿತು. 2023ನೆಯ ಇಸವಿಯನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಅದರ ಆಸುಪಾಸಿನಲ್ಲಿ ಕೃಷಿ ಇಲಾಖೆಯವರು ಜಿಲ್ಲೆಗಳಲ್ಲಿ ಸಿರಿಧಾನ್ಯ ಹಾಗೂ ಮರೆತುಹೋದ ಖಾದ್ಯಗಳ ಪಾಕಸ್ಪರ್ಧೆಗಳನ್ನು ಏರ್ಪಡಿಸಿದರು. ಅಜ್ಜಿಯರ ಕಾಲದ ತಿಂಡಿಗಳು ಮೇಜಿನ ಮೇಲೆ ಬಂದವು. ಇದು ಒಳ್ಳೆಯ ಕೆಲಸವೇ. ಆದರೆ ಬಹುಮಾನ ಪಡೆದಾಕೆ ಮರುದಿನ ಏನು ಮಾಡಬೇಕು? ಪ್ರಶ್ನೆ ಇರುವುದು ಅಲ್ಲಿಯೇ.

ಇದಕ್ಕೆ ಉತ್ತರವೂ ಅದೇ ಸೀಮೆಯಲ್ಲಿದೆ. ಬೀದರ ಜಿಲ್ಲೆಯ ಹುಲಸೂರಿನ ಸಿರಿಧಾನ್ಯ ಉತ್ಪಾದಕರ ಕಂಪನಿಯ ಮಹಿಳೆಯರು ತಾವೇ ಬೆಳೆದು, ತಾವೇ ಹಿಟ್ಟು ಮಾಡಿ ಮಾರತೊಡಗಿದರು. ಪಕ್ಕದ ಕಲಬುರಗಿ ಜಿಲ್ಲೆಯ ಆಳಂದದ ಭೂತಾಯಿ ಕಂಪನಿಯವರು ಖಾಖ್ರಾ, ಬಿಸ್ಕತ್ತು, ಲಾಡುಗಳನ್ನು ತಯಾರಿಸಿದರು. 2023ರ ಜನವರಿಯಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಇವೆರಡನ್ನೂ ಹೆಸರಿಸಿದ್ದರು. ಇವರ ಬೆನ್ನಿಗಿದ್ದುದು ಒಂದು ದಿನದ ಬಹುಮಾನವಲ್ಲ, ಸಂಘಟನೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಉದ್ದಿನ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಕಟ್ಟು. ಲಿಜ್ಜತ್ ಎಂಬ ಹೆಸರಿನಿಂದ ಇಂದು ದೇಶವೆಲ್ಲ ಬಲ್ಲ ಹಪ್ಪಳ ಅದೇ.

ನಮ್ಮಲ್ಲಿಯೂ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲ ಶರಬತ್ತುಗಳಿಗೆ ಕೊರತೆಯಿಲ್ಲ. ಸ್ಪರ್ಧೆಗಳೂ ನಡೆಯುತ್ತವೆ. ಆದರೆ ಸ್ಟೀಲು ಪಾತ್ರೆ ಕೊಟ್ಟು, ಭಾವಚಿತ್ರ ತೆಗೆಸಿ ಮುಗಿಸುವುದೇ ಹೆಚ್ಚು. ಸ್ಪರ್ಧೆ ವ್ಯಾಪಾರದ ಮೊದಲ ಮೆಟ್ಟಿಲಾಗಬೇಕಿದ್ದರೆ ನಾಲ್ಕು ವಿಷಯಗಳನ್ನು ಗಮನಿಸತಕ್ಕದ್ದು.

1. ಒಂದು ತಟ್ಟೆಯ ಬದಲು ಹತ್ತು ಕಟ್ಟು ತರಿಸಬೇಕು. ಹತ್ತರಲ್ಲಿಯೂ ತೂಕ, ರುಚಿ, ಬಣ್ಣ ಒಂದೇ ಸಮನಾಗಿರಬೇಕು. ಕೆಲವನ್ನು ಒಂದು ತಿಂಗಳು ಇಟ್ಟು, ತೆರೆದು ನೋಡಿ ಅಂಕ ಕೊಡಬೇಕು. ಜೋಳದ ಕಡಕ್ ರೊಟ್ಟಿ ದೂರದ ಪೇಟೆಗೆ ಹೋಗುವುದು ಅದರಲ್ಲಿ ತೇವ ಇಲ್ಲದ ಕಾರಣದಿಂದ. ಮಳೆ ಹೆಚ್ಚಿರುವ ನಮ್ಮ ಕಡೆ ತೇವದ್ದೇ ಮುಖ್ಯ ಪರೀಕ್ಷೆ.

2. ತೀರ್ಪುಗಾರರಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ಇರಲಿ. ಊಟ ಮಾಡಿ ಹೊಗಳುವವರು ಬೇರೆ, ದುಡ್ಡು ಕೊಟ್ಟು ಕೊಳ್ಳುವವರು ಬೇರೆ.

3. ಬಹುಮಾನವಾಗಿ ತೂಕದ ಯಂತ್ರ ಅಥವಾ ಕಟ್ಟಿಗೆ ಮೊಹರು ಹಾಕುವ ಯಂತ್ರ ಕೊಡಬೇಕು. ಜತೆಗೆ ಮೊದಲ 50 ಕಟ್ಟುಗಳನ್ನು ಸಂಘದ ಮಳಿಗೆಯೇ ಕೊಳ್ಳುವುದಾದರೆ ಇನ್ನೂ ಮೇಲು.

4. ಪದಾರ್ಥದೊಂದಿಗೆ ಖರ್ಚಿನ ಲೆಕ್ಕವನ್ನೂ ಬರೆಸಿ, ಅದಕ್ಕೂ ಅಂಕವಿಡಬೇಕು.

ಈ ನಾಲ್ಕನೆಯದೇ ನಮ್ಮ ಪಾಠದ ಸಾರ. ಒಂದು ಉದಾಹರಣೆ ನೋಡೋಣ. ಇಲ್ಲಿನ ದರಗಳು ಲೆಕ್ಕ ತಿಳಿಯಲಿಕ್ಕಾಗಿ ಮಾತ್ರ. ತಂತಮ್ಮ ಊರಿನ ದರ ಹಾಕಿಕೊಳ್ಳಬಹುದು.

ನೂರು ಹಲಸಿನ ಹಪ್ಪಳಕ್ಕೆ ಕಾಯಿ 60 ರೂ., ಉಪ್ಪು ಖಾರ 20, ಸೌದೆ 30, ಕಟ್ಟುವ ಚೀಲ 15, ಒಡೆದು ಹಾಳಾದದ್ದು 10, ಒಟ್ಟು 135 ರೂ. ಗೃಹಿಣಿಯು 200 ರೂಪಾಯಿಗೆ ಮಾರುತ್ತಾಳೆ ಎನ್ನೋಣ. ಕಾಯಿ ತೋಟದ್ದು, ಸೌದೆ ಮನೆಯದು, ಕೈಯಿಂದ ಹೋದದ್ದು ಉಪ್ಪು ಖಾರ ಮತ್ತು ಚೀಲಕ್ಕೆ 35 ರೂ. ಮಾತ್ರ, ಆದುದರಿಂದ 165 ರೂ. ಲಾಭವೆಂದು ಆಕೆ ಎಣಿಸುತ್ತಾಳೆ. ನಿಜವಾಗಿ ಉಳಿದದ್ದು 65 ರೂ. ಅದಕ್ಕೆ ನಾಲ್ಕು ತಾಸು ದುಡಿದಿದ್ದರೆ ತಾಸಿಗೆ 16 ರೂಪಾಯಿ ಚಿಲ್ಲರೆ. ಅಂಗಡಿಯವನು ನೂರಕ್ಕೆ 20 ಹಿಡಿದರೆ ಕೈಗೆ ಬರುವುದು 160, ಉಳಿಯುವುದು 25!

ಆಕೆಯ ದುಡಿಮೆಗೆ ತಾಸಿಗೆ 50 ರೂಪಾಯಿಯಂತೆ 200 ಸೇರಿಸಿದರೆ ಅಸಲೇ 335 ರೂ. ಅಂಗಡಿಯ ಪಾಲನ್ನೂ ಕೂಡಿಸಿದರೆ 420 ರೂಪಾಯಿಗೆ ಮಾರಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಆ ಬೆಲೆಗೆ ಗಿರಾಕಿ ಸಿಗದಿದ್ದರೆ ಮಾಡುವ ವಿಧಾನ ಬದಲಿಸಬೇಕು, ಇಲ್ಲವೆ ಹತ್ತು ಮನೆಯವರು ಸೇರಿ ಒತ್ತುವ ಯಂತ್ರ ತರಬೇಕು, ಅಥವಾ ಬೇರೆ ಪದಾರ್ಥ ಹಿಡಿಯಬೇಕು. ಇದು ಮೊದಲೇ ತಿಳಿದರೆ ನಷ್ಟವಿಲ್ಲ. ಎರಡು ವರ್ಷ ದುಡಿದ ಮೇಲೆ ತಿಳಿದರೆ ಆಕೆಯ ಉತ್ಸಾಹವೂ ಹೋಗುತ್ತದೆ, ಉಳಿತಾಯವೂ ಹೋಗುತ್ತದೆ.

ಮಾರಾಟಕ್ಕೆ ಇಳಿಯುವ ಮೊದಲು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸುವುದು ಕಡ್ಡಾಯ. ಕಟ್ಟಿನ ಮೇಲೆ ಆ 14 ಅಂಕಿಯ ಸಂಖ್ಯೆ, ಬಳಸಿದ ವಸ್ತುಗಳು, ನಿವ್ವಳ ತೂಕ, ತಯಾರಿಸಿದ ದಿನ, ಎಲ್ಲಿಯವರೆಗೆ ತಿನ್ನಲು ಯೋಗ್ಯ ಎಂಬಿವು ಇರಬೇಕು. ಬಂದ ಹಣ ಆಕೆಯ ಹೆಸರಿನ ಖಾತೆಗೇ ಜಮೆಯಾಗಲಿ. ತೋಟದ ಸಾಲದ ಕಂತಿಗೆ ಅದನ್ನು ತಿರುಗಿಸುವ ಅಭ್ಯಾಸ ನಮ್ಮ ಗಂಡಸರಲ್ಲಿ ಉಂಟು. ಹಾಗೆ ಮಾಡಿದರೆ ಮುಂದಿನ ಕಾಯಿ ಕೊಳ್ಳಲು ಬಂಡವಾಳವೇ ಇರದು.

ಅಡಿಕೆ ಬೆಳೆಗಾರರು ತಮ್ಮ ಬೆಲೆಯನ್ನು ವ್ಯಾಪಾರಿಯ ಬಾಯಿಂದ ಕೇಳಬೇಕಾಗಿದ್ದ ಕಾಲವೊಂದಿತ್ತು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಆ ಸ್ಥಿತಿ ತಪ್ಪಲೆಂದೇ. ನಮ್ಮ ಬೆಳೆಗೆ ನ್ಯಾಯದ ಬೆಲೆ ಬೇಕೆಂದು ಸಂಘ ಕಟ್ಟಿದ ನಾವು, ನಮ್ಮ ಮನೆಯೊಳಗಿನ ದುಡಿಮೆಗೆ ಸೊನ್ನೆ ಬೆಲೆ ಕಟ್ಟುವುದು ಸರಿಯೇ? ಮುಂದಿನ ವಾರ್ಷಿಕ ಸಭೆಯಲ್ಲಿ ಪಾಕಸ್ಪರ್ಧೆ ಇಡುವ ಶಾಖೆಗಳು ತಟ್ಟೆಯ ಪಕ್ಕದಲ್ಲಿ ಒಂದು ಲೆಕ್ಕದ ಹಾಳೆಯನ್ನೂ ಇಡಲಿ ಎಂದು ನಮ್ಮ ವಿನಂತಿ.