ಹಾಲಿನ ಸಕ್ಕರೆಯನ್ನು ಒಡೆಯುವ ಯೀಸ್ಟ್ ಕಿಣ್ವ



ಕೊಟ್ಟಿಗೆಯಲ್ಲಿ ಕರೆಯುವ ಹಸುವಿದ್ದರೂ, ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆಂದು ಹಾಲನ್ನೇ ಬಿಟ್ಟವರು ಹಲವರಿದ್ದಾರೆ. ಅವರು ಹಾಲಿನ ಸತ್ವವನ್ನು ಕಳೆದುಕೊಳ್ಳಬೇಕಾಗಿಲ್ಲ. ಕಾರಣ ತಿಳಿದರೆ ಉಪಾಯವುಂಟು.

ಕಾರಣವೇನು?

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 45ರಿಂದ 50 ಗ್ರಾಂ ಹಾಲಿನ ಸಕ್ಕರೆಯಿರುತ್ತದೆ. ಇದರ ಹೆಸರು ಲ್ಯಾಕ್ಟೋಸ್. ಇದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳ ಜೋಡಿ. ಈ ಜೋಡಿಯನ್ನು ಬಿಡಿಸದ ಹೊರತು ಕರುಳು ಹೀರಿಕೊಳ್ಳಲಾರದು. ಬಿಡಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಎಳೆಯ ಮಕ್ಕಳಲ್ಲಿ ಇದು ಧಾರಾಳವಾಗಿರುತ್ತದೆ. ಬೆಳೆದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಆಗ ಒಡೆಯದ ಸಕ್ಕರೆ ದೊಡ್ಡ ಕರುಳಿಗಿಳಿದು, ಅಲ್ಲಿ ಹುದುಗಿ, ವಾಯು ಮತ್ತು ಭೇದಿಯನ್ನುಂಟುಮಾಡುತ್ತದೆ.

ಇದೇ ಕೆಲಸ ಮಾಡುವ ಕಿಣ್ವ ಕ್ಲೂವೆರೊಮೈಸಿಸ್ ಲ್ಯಾಕ್ಟಿಸ್ ಎಂಬ ಯೀಸ್ಟಿನಲ್ಲಿದೆ. ಅದನ್ನು ಬೇರ್ಪಡಿಸಿ ಹಾಲಿಗೆ ಹಾಕುವ ಹನಿಯಾಗಿ ಮಾರುತ್ತಾರೆ. ಬ್ರೆಡ್ಡಿನ ಯೀಸ್ಟಿನಲ್ಲಿ ಈ ಕಿಣ್ವವಿಲ್ಲ. ಅದನ್ನು ಹಾಲಿಗೆ ಹಾಕಿ ಫಲವಿಲ್ಲ.

ಕೆಲಸದ ವೇಗ ಹೇಗೆ?

ಹುಲಗೋಳದ ಅಂಗಳದಲ್ಲಿ ಹತ್ತು ಜನ ಅಡಿಕೆ ಸುಲಿಯಲು ಕುಳಿತಿದ್ದಾರೆನ್ನಿ. ರಾಶಿ ಎಷ್ಟೇ ದೊಡ್ಡದಿರಲಿ, ಹತ್ತು ಕತ್ತಿಗಳಿಂದ ತಾಸಿಗೆ ಇಷ್ಟೇ ಎಂಬ ಮಿತಿಯುಂಟು. ಇಪ್ಪತ್ತು ಜನ ಕುಳಿತರೆ ಅರ್ಧ ವೇಳೆ ಸಾಕು. ಆದರೆ ರಾಶಿ ಕರಗಿ, ಸಿಪ್ಪೆಯ ನಡುವೆ ಅಡಿಕೆ ಹುಡುಕುವ ಹೊತ್ತಿಗೆ ಕೆಲಸ ನಿಧಾನವಾಗುತ್ತದೆ.

ಕಿಣ್ವದ ರೀತಿಯೂ ಇದೇ. ಮೊದಲು ಸಕ್ಕರೆ ಹೇರಳವಾದ್ದರಿಂದ ಕೆಲಸ ಬಿರುಸು. ಕೊನೆಯ ಪಾಲು ನಿಧಾನ. ಒಡೆದು ಬಂದ ಗ್ಯಾಲಕ್ಟೋಸ್ ಸಹ ಸಿಪ್ಪೆಯಂತೆ ಅಡ್ಡ ಬರುತ್ತದೆ. ಯೀಸ್ಟಿನ ಇನ್ನೊಂದು ಕಿಣ್ವ ಸಾಧಾರಣ ಸಕ್ಕರೆಯನ್ನು ಒಡೆಯುವುದನ್ನು ಪರೀಕ್ಷಿಸಿ, ಈ ವೇಗದ ಲೆಕ್ಕವನ್ನು 1913ರಲ್ಲಿ ಮಿಕೇಲಿಸ್ ಮತ್ತು ಮೆಂಟನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು.

ಬಳಸುವ ಕ್ರಮ

1. ಹಾಲನ್ನು ಕಾಯಿಸಿ, ಪೂರ್ತಿ ಆರಿದ ಮೇಲೆ ಹನಿ ಹಾಕಿರಿ. ಈ ಕಿಣ್ವಕ್ಕೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿ ಹಿತ. ಕುದಿಯುವ ಹಾಲಿನಲ್ಲಿ ಅದು ನಾಶವಾಗುತ್ತದೆ.

2. ಬೆಚ್ಚಗಿಟ್ಟ ಹಾಲು ಬೇಗ ಕೆಡುವುದರಿಂದ ಫ್ರಿಜ್ಜಿನಲ್ಲಿಡುವುದು ಲೇಸು. ತಂಪಿನಲ್ಲಿ ವೇಗ ಕಡಿಮೆ. ಸುಮಾರು 24 ತಾಸು ಬಿಡಿರಿ. ಹನಿಯ ಪ್ರಮಾಣ ಸೀಸೆಯ ಮೇಲೆ ಬರೆದಂತಿರಲಿ.

3. ಹುಳಿಯಲ್ಲಿ ಈ ಕಿಣ್ವ ಕುಂದುತ್ತದೆ. ಆದ್ದರಿಂದ ತಾಜಾ ಹಾಲಿಗೇ ಹಾಕಿರಿ, ಕುಡಿಯುವ ಮುಂಚಿತವಾಗಿಯೇ ಹಾಕಿರಿ; ಜಠರದ ಹುಳಿಯಲ್ಲಿ ಅದು ನಿಲ್ಲದು.

4. ಕೆಲಸ ಮುಗಿದ ಮೇಲೆ ಹಾಲನ್ನು ಮತ್ತೆ ಕಾಯಿಸಬಹುದು. ಸಕ್ಕರೆ ಹಾಕದಿದ್ದರೂ ಅದು ಮೊದಲಿಗಿಂತ ಸಿಹಿಯಾಗಿರುತ್ತದೆ.

ಎಚ್ಚರಿಕೆ

ಸಿಹಿ ಹೆಚ್ಚಿದರೂ ಸಕ್ಕರೆಯ ಅಂಶ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಸಕ್ಕರೆ ಕಾಯಿಲೆಯವರು ಇದನ್ನು ಪಥ್ಯವೆಂದು ಭಾವಿಸಬಾರದು. ಹಾಲಿನಿಂದ ಮೈ ದದ್ದರಿಸುವುದು, ಉಸಿರು ಕಟ್ಟುವುದು ಬೇರೆ ತೊಂದರೆ. ಅದಕ್ಕೆ ಈ ಹನಿ ಮದ್ದಲ್ಲ. ಕೂಸಿಗೆ ಭೇದಿಯಾದರೆ ತಾಯಿಹಾಲು ನಿಲ್ಲಿಸದೆ ವೈದ್ಯರಿಗೆ ತೋರಿಸಿರಿ.

ಹನಿ ಕೊಳ್ಳುವ ಮೊದಲು ಖರ್ಚಿಲ್ಲದ ದಾರಿಯನ್ನು ನೋಡಿರಿ. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದು ಪಾಲನ್ನು ತಾವೇ ಒಡೆಯುತ್ತವೆ. ಹಾಲು ಒಗ್ಗದ ಹಲವರಿಗೆ ಮೊಸರು, ಮಜ್ಜಿಗೆ ಒಗ್ಗುವುದು ಇದರಿಂದಲೇ. ಊಟಕ್ಕೊಂದು ಲೋಟ ಮಜ್ಜಿಗೆಯಿಂದ ಆರಂಭಿಸಿರಿ.