ನಿಬ್ಬಿನ ಮೇಲಿನ ಕಿತ್ತಳೆ ಹುಡಿ: ಇಂಕ್ ಪೆನ್ನು ಕಲಿಸುವ ರಸಾಯನಶಾಸ್ತ್ರ



ತರಗತಿಗಳಲ್ಲಿ ಇಂಕ್ ಪೆನ್ನು ಮತ್ತೆ ಕಾಣಿಸಿಕೊಳ್ಳುತ್ತಿದೆ. ನೋಟ್ಸಿನ ಶೀರ್ಷಿಕೆಗಳಿಗೆ, ಮುಖ್ಯ ಪದಗಳ ಕೆಳಗೆ ಗೆರೆ ಎಳೆಯುವುದಕ್ಕೆ, ಜೀವಶಾಸ್ತ್ರದ ಚಿತ್ರಗಳ ಭಾಗಗಳನ್ನು ಗುರುತಿಸುವುದಕ್ಕೆ ಕಿತ್ತಳೆ ಬಣ್ಣದ ಶಾಯಿ ಬಳಸುವವರೂ ನಿಮ್ಮಲ್ಲಿದ್ದಾರೆ. ಬಳಸಿದವರಲ್ಲಿ ಅನೇಕರು ಒಂದು ವಿಷಯ ಗಮನಿಸಿರಬಹುದು. ಎರಡು ಮೂರು ದಿನ ಬಿಟ್ಟು ಮುಚ್ಚಳ ತೆಗೆದರೆ ನಿಬ್ಬಿನ ಸೀಳಿನ ಎರಡೂ ಬದಿಗೆ ಕೆಂಪು ಮಿಶ್ರಿತ ಕಿತ್ತಳೆ ಹುಡಿ ಕಟ್ಟಿಕೊಂಡಿರುತ್ತದೆ. ಕೆಲವೊಮ್ಮೆ ಸಣ್ಣ ಹರಳುಗಳೇ ಮಿನುಗುತ್ತವೆ.

ಇದನ್ನು ಕಂಡು ಪೆನ್ನು ಕೆಟ್ಟಿತೆಂದು ಎಸೆಯುವವರಿದ್ದಾರೆ. ಬ್ಲೇಡಿನಿಂದ ಕೆರೆಯುವವರೂ ಇದ್ದಾರೆ. ಹಾಗೆ ಕೆರೆದ ಮೇಲೆ ಪೆನ್ನು ನಿಜಕ್ಕೂ ಕೆಡುತ್ತದೆ. ಹುಡಿ ಏಕೆ ಬರುತ್ತದೆ ಎಂದು ತಿಳಿದರೆ ಅದನ್ನು ತೆಗೆಯುವ ದಾರಿಯೂ ತಿಳಿಯುತ್ತದೆ. ಅದಕ್ಕೆ ಬೇಕಾದ ಪಾಠಗಳೆಲ್ಲ ನಿಮ್ಮ ಪಿಯುಸಿ ಪುಸ್ತಕಗಳಲ್ಲೇ ಇವೆ.

ಪೆನ್ನಿನಲ್ಲಿ ಶಾಯಿ ಹರಿಯುವುದು ಹೇಗೆ?

ತುಂಬಿದ ಶಾಯಿ ಸೋರಬಾರದು, ಬರೆಯುವಾಗ ಮಾತ್ರ ಇಳಿಯಬೇಕು. ಈ ಬಯಕೆ ಬಹಳ ಹಳೆಯದು. 10ನೇ ಶತಮಾನದಲ್ಲಿ ಫಾತಿಮಿ ಖಲೀಫ ಅಲ್-ಮುಇಝ್ ಅವರು ತಲೆಕೆಳಗು ಮಾಡಿದರೂ ಚೆಲ್ಲದ, ಒಳಗೇ ಶಾಯಿ ಇರುವ ಲೇಖನಿಯೊಂದನ್ನು ಮಾಡಿಸಿದರೆಂದು ಅವರ ಆಸ್ಥಾನದ ವಿದ್ವಾಂಸರಾದ ಖಾಝಿ ಅಲ್-ನುಅಮಾನ್ ಬರೆದಿದ್ದಾರೆ. ಆಧುನಿಕ ಕಾಲದಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿನಲ್ಲಿ ಶಾಯಿ ಇಳಿಯಲು ಸಣ್ಣ ಸೀಳುಗಳಿರುವ ಫೀಡ್ ಇತ್ತು. ಇಂದು ನಿಮ್ಮ ಪೆನ್ನಿನ ನಿಬ್ಬಿನ ಅಡಿಯಲ್ಲಿ ಕಾಣುವ ಕಪ್ಪು ಭಾಗವೇ ಫೀಡ್.

ಫೀಡ್‌ನ ಗೀರುಗಳು ಮತ್ತು ನಿಬ್ಬಿನ ಸೀಳು ಕೆಲಸ ಮಾಡುವುದು ಲೋಮನಾಳ ಕ್ರಿಯೆಯಿಂದ. ಕಿರಿದಾದ ನಾಳದಲ್ಲಿ ದ್ರವ ಹೆಚ್ಚು ಎತ್ತರಕ್ಕೆ ಏರುತ್ತದೆ ಎಂದು ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ್ದೀರಿ. ನಿಬ್ಬಿನ ಸೀಳು ತುದಿಯ ಕಡೆಗೆ ಕಿರಿದಾಗುತ್ತಾ ಹೋಗುವುದು ಇದಕ್ಕಾಗಿಯೇ. ಆ ಅಂತರ ಕೂದಲೆಳೆಯಷ್ಟೂ ಇರುವುದಿಲ್ಲ. ಬ್ಲೇಡು ತೂರಿಸಿ ಅದನ್ನು ಅಗಲಿಸಿದರೆ ಶಾಯಿಯನ್ನು ತುದಿಗೆ ಎಳೆಯುವ ಶಕ್ತಿಯೇ ಕುಂದುತ್ತದೆ.

ಕಿತ್ತಳೆ ಬಣ್ಣ ಎಲ್ಲಿಂದ ಬರುತ್ತದೆ?

ಸಾಮಾನ್ಯ ಇಂಕ್ ಪೆನ್ನಿನ ಶಾಯಿಯಲ್ಲಿ ಹೆಚ್ಚಿನ ಪಾಲು ನೀರು. ಅದರಲ್ಲಿ ಕರಗಿದ ಬಣ್ಣ, ಬೇಗ ಒಣಗದಂತೆ ತಡೆಯುವ ಗ್ಲಿಸರಿನ್‌ನಂಥ ವಸ್ತು, ಸರಾಗವಾಗಿ ಹರಿಯಲು ಮೇಲ್ಮೈ ಎಳೆತವನ್ನು ತಗ್ಗಿಸುವ ವಸ್ತು, ಬೂಷ್ಟು ಹಿಡಿಯದಂತೆ ಕಾಯುವ ವಸ್ತು, ಇವು ಸ್ವಲ್ಪ ಸ್ವಲ್ಪ ಇರುತ್ತವೆ.

ಬೆಳಕಿನ ನೀಲಿ ಭಾಗವನ್ನು ಹೀರಿಕೊಳ್ಳುವ ವಸ್ತು ನಮ್ಮ ಕಣ್ಣಿಗೆ ಕಿತ್ತಳೆಯಾಗಿ ಕಾಣುತ್ತದೆ. ಇಂಥ ಬಣ್ಣಗಳಲ್ಲಿ ಅನೇಕವು ಅಜೋ ಕುಟುಂಬಕ್ಕೆ ಸೇರಿದವು. ಎರಡು ನೈಟ್ರೋಜನ್ ಪರಮಾಣುಗಳು ದ್ವಿಬಂಧದಿಂದ ಸೇರಿ ಎರಡು ಬೆಂಜೀನ್ ಮಾದರಿಯ ಉಂಗುರಗಳನ್ನು ಜೋಡಿಸಿರುತ್ತವೆ. ಇದಕ್ಕೆ ದಾರಿ ಮಾಡಿಕೊಟ್ಟ ಡಯಜೋ ಕ್ರಿಯೆಯನ್ನು 1858ರಲ್ಲಿ ವರದಿ ಮಾಡಿದವರು ಪೀಟರ್ ಗ್ರೀಸ್. ದ್ವಿತೀಯ ಪಿಯುಸಿಯ ಅಮೀನುಗಳ ಪಾಠದಲ್ಲಿ ಬೆಂಜೀನ್ ಡಯಜೋನಿಯಂ ಕ್ಲೋರೈಡ್ ಫೀನಾಲ್ ಜೊತೆ ಸೇರಿ ಕಿತ್ತಳೆ ಬಣ್ಣವನ್ನು, ಅನಿಲೀನ್ ಜೊತೆ ಸೇರಿ ಹಳದಿ ಬಣ್ಣವನ್ನು ಕೊಡುವ ಸಮೀಕರಣಗಳಿವೆಯಲ್ಲ, ಅವೇ ಇವು. ಪ್ರಯೋಗಾಲಯದಲ್ಲಿ ಬಳಸುವ ಮಿಥೈಲ್ ಆರೆಂಜ್ ಕೂಡ ಅಜೋ ಬಣ್ಣವೇ.

ಹುಡಿ ಕಟ್ಟುವುದು ಏಕೆ?

ಬಿಳಿ ಕಾಗದದ ಮೇಲೆ ನೀಲಿ ಎದ್ದು ಕಾಣುವಷ್ಟು ಹಳದಿ, ಕಿತ್ತಳೆ ಕಾಣುವುದಿಲ್ಲ. ಓದಲು ಸುಲಭವಾಗುವಷ್ಟು ಗಾಢವಾಗಬೇಕಾದರೆ ಶಾಯಿಯಲ್ಲಿ ಬಣ್ಣದ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಅಂದರೆ ಗಾಢ ಕಿತ್ತಳೆ ಶಾಯಿ ಸಂತೃಪ್ತ ದ್ರಾವಣಕ್ಕೆ ಹತ್ತಿರವಿರಬಹುದು. ಮುಂದಿನದು ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲು ಶಾಯಿ ಸೀಳಿನಿಂದ ನಿಬ್ಬಿನ ಮೇಲ್ಮೈಗೆ ತೆಳುವಾಗಿ ಹರಡುತ್ತದೆ. ನಿಬ್ಬಿನ ಮೇಲಿನ ಕಣ್ಣಿಗೆ ಕಾಣದ ಗೀರುಗಳು ಇದಕ್ಕೆ ನೆರವಾಗುತ್ತವೆ. ಎರಡನೆಯದಾಗಿ, ಆ ತೆಳು ಪದರದ ನೀರು ಆವಿಯಾಗುತ್ತದೆ. ನೀರು ಹೋಗುತ್ತದೆ, ಬಣ್ಣ ಉಳಿಯುತ್ತದೆ. ದ್ರಾವಣ ಸಂತೃಪ್ತವಾಗಿ ಹರಳುಗಟ್ಟುತ್ತದೆ. ಮೂರನೆಯದಾಗಿ, ಒಣಗಿದ ಜಾಗಕ್ಕೆ ಸೀಳು ಹೊಸ ಶಾಯಿಯನ್ನು ಎಳೆದು ತರುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ. ಹೀಗೆ ರಾತ್ರಿಯಿಡೀ ನಡೆದರೆ ಬೆಳಗ್ಗೆ ಹುಡಿ ದಪ್ಪವಾಗಿರುತ್ತದೆ.

ಹುಡಿ ಸೀಳಿನ ಅಂಚಿನಲ್ಲಿ ಮತ್ತು ನಿಬ್ಬಿನ ನಡುವಿನ ಸಣ್ಣ ತೂತಿನ ಸುತ್ತ ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಮೇಜಿನ ಮೇಲೆ ಬಿದ್ದ ಚಹಾದ ಹನಿ ಒಣಗಿದಾಗ ನಡುವೆ ತೆಳುವಾಗಿ, ಅಂಚಿನಲ್ಲಿ ಗಾಢವಾಗಿ ಕಲೆ ಉಳಿಯುವುದನ್ನು ನೋಡಿದ್ದೀರಿ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ, ಅದನ್ನು ತುಂಬಲು ನಡುವಿನ ದ್ರವ ಹೊರಕ್ಕೆ ಹರಿಯುತ್ತದೆ, ಜೊತೆಗೆ ಬಣ್ಣವನ್ನೂ ಒಯ್ಯುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಇದನ್ನು ಕಾಫಿ ಕಲೆಯ ಉದಾಹರಣೆಯೊಂದಿಗೆ ವಿವರಿಸಿದರು.

ಬೇಸಿಗೆಯಲ್ಲಿ, ಫ್ಯಾನಿನ ಕೆಳಗೆ ಮುಚ್ಚಳ ತೆರೆದಿಟ್ಟ ಪೆನ್ನಿನಲ್ಲಿ, ಮುಚ್ಚಳ ಬಿರುಕು ಬಿಟ್ಟ ಪೆನ್ನಿನಲ್ಲಿ ಹುಡಿ ಬೇಗ ಕಟ್ಟುತ್ತದೆ. ಒಂದೇ ಶಾಯಿ ಒಬ್ಬರ ಪೆನ್ನಿನಲ್ಲಿ ಹುಡಿ ಕಟ್ಟಿ ಇನ್ನೊಬ್ಬರ ಪೆನ್ನಿನಲ್ಲಿ ಕಟ್ಟದಿದ್ದರೆ ಮೊದಲು ಮುಚ್ಚಳವನ್ನು ಪರೀಕ್ಷಿಸಿ.

ಹುಡಿಯೋ, ಬೂಷ್ಟೋ, ತುಕ್ಕೋ?

ತೊಳೆಯುವ ಮುನ್ನ ಇದನ್ನು ಗುರುತಿಸಬೇಕು. ಒಂದು ಹನಿ ನೀರನ್ನು ನಿಬ್ಬಿನ ಮೇಲೆ ಬಿಟ್ಟು ನೋಡಿ.

• ನೀರು ಕಿತ್ತಳೆಯಾಗಿ ಹುಡಿ ಕರಗಿದರೆ ಅದು ಒಣಗಿದ ಬಣ್ಣ. ಚಿಂತೆ ಬೇಡ.
• ನೂಲಿನಂತೆ, ಲೋಳೆಯಂತೆ ಇದ್ದು ಕರಗದಿದ್ದರೆ, ಕೆಟ್ಟ ವಾಸನೆ ಬಂದರೆ ಅದು ಬೂಷ್ಟು. ಬಾಟಲಿಯ ಶಾಯಿಯನ್ನೂ ಚೆಲ್ಲಿಬಿಡಿ. ಆ ಪೆನ್ನನ್ನು ಚೆನ್ನಾಗಿ ತೊಳೆಯದೆ ಬೇರೆ ಬಾಟಲಿಯಲ್ಲಿ ಅದ್ದಬೇಡಿ.
• ತೊಳೆದ ಮೇಲೂ ಲೋಹದಲ್ಲಿ ಕುಳಿ, ಕಪ್ಪು ಚುಕ್ಕೆ ಉಳಿದರೆ ಅದು ಸವೆತ. ನಿಬ್ಬು ಬದಲಾಯಿಸುವುದೇ ಮೇಲು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಕಬ್ಬಿಣದ ಲವಣವಿರುವ ಹಳೆಯ ಮಾದರಿಯ ನೀಲಿ-ಕಪ್ಪು ಶಾಯಿ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಅದು ರಾಸಾಯನಿಕ ಬದಲಾವಣೆ. ಸಾಮಾನ್ಯ ಕಿತ್ತಳೆ ಶಾಯಿ ಒಣಗುವುದು ಭೌತಿಕ ಬದಲಾವಣೆ. ಆದ್ದರಿಂದಲೇ ಅದಕ್ಕೆ ನೀರೇ ಸಾಕು.

ತೊಳೆಯುವ ಕ್ರಮ

1. ದಿನದ ಹುಡಿಗೆ ಒದ್ದೆ ಹತ್ತಿ ಬಟ್ಟೆ ಸಾಕು. ನಿಬ್ಬನ್ನು ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಒರೆಸಿ. ನೂಲು ಬಿಡುವ ಬಟ್ಟೆ ಬೇಡ. ಎಳೆ ಸೀಳಿನಲ್ಲಿ ಸಿಕ್ಕಿಕೊಂಡರೆ ಅಕ್ಷರ ದಪ್ಪವಾಗುತ್ತದೆ.
2. ಹುಡಿ ಗಟ್ಟಿಯಾಗಿದ್ದರೆ ಶಾಯಿ ಖಾಲಿ ಮಾಡಿ, ನಿಬ್ಬಿನ ಭಾಗವನ್ನು ಲೋಟದ ನೀರಿನಲ್ಲಿ ರಾತ್ರಿ ನೆನೆಸಿಡಿ. ನೀರು ತಣ್ಣಗಿರಲಿ, ಹೆಚ್ಚೆಂದರೆ ಉಗುರುಬೆಚ್ಚಗಿರಲಿ. ಬಿಸಿ ನೀರಿಗೆ ಪ್ಲಾಸ್ಟಿಕ್ ಫೀಡ್ ಸೊಟ್ಟಗಾಗಬಹುದು.
3. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದಾಗ ಬಿಳಿ ಕಲೆ ಉಳಿಯುತ್ತದೆ. ಕೊನೆಯ ತೊಳೆತಕ್ಕಾದರೂ ಫಿಲ್ಟರ್ ನೀರು ಅಥವಾ ಕುದಿಸಿ ಆರಿಸಿ ಸೋಸಿದ ನೀರು ಬಳಸಿ.
4. ಕನ್ವರ್ಟರ್ ಇರುವ ಪೆನ್ನಾದರೆ ನೀರನ್ನು ಎಳೆದು ಬಿಡುತ್ತಾ ಇರಿ. ಇಲ್ಲವಾದರೆ ಸೂಜಿ ತೆಗೆದ ಹೊಸ ಸಿರಿಂಜಿನಿಂದ ಹಿಂಬದಿಯಿಂದ ನೀರು ಹಾಯಿಸಿ. ಬಣ್ಣ ಬಾರದವರೆಗೆ ಮಾಡಿ.
5. ಬಣ್ಣ ಇನ್ನೂ ಬಿಡದಿದ್ದರೆ ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆಯಿರಿ. ಬಳಿಕ ಸೋಪಿನ ಅಂಶ ಉಳಿಯದಂತೆ ಬರೀ ನೀರಿನಲ್ಲಿ ಮತ್ತೆ ತೊಳೆಯಿರಿ.
6. ನಿಬ್ಬನ್ನು ಕೆಳಮುಖವಾಗಿಸಿ ಹಳೆಯ ಬಟ್ಟೆಯ ಮೇಲೆ ಒಂದು ದಿನ ಇಡಿ. ಒಣಗಿದ ಮೇಲೆ ಶಾಯಿ ತುಂಬಿ.

ಮಾಡಬಾರದ ಕೆಲಸಗಳು

ಬ್ಲೇಡು, ಗುಂಡುಸೂಜಿ, ಮರಳುಕಾಗದ ಬೇಡ. ನಿಬ್ಬಿನ ತುದಿಯಲ್ಲಿ ಸವೆಯದ ಗಟ್ಟಿ ಮಿಶ್ರಲೋಹದ ಸಣ್ಣ ಬಿಂದುವಿರುತ್ತದೆ. ಅದರ ನುಣುಪು ಹೋದರೆ ಪೆನ್ನು ಕಾಗದವನ್ನು ಗೀರುತ್ತದೆ. ಅಸಿಟೋನ್ ಮತ್ತು ಸ್ಪಿರಿಟ್ ಬೇಡ. ಅಸಿಟೋನ್ ಅನೇಕ ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ, ಸ್ಪಿರಿಟ್ ಅಕ್ರಿಲಿಕ್ ಪೆನ್ನಿನಲ್ಲಿ ಬಿರುಕು ಮೂಡಿಸಬಹುದು.

ಕೆಂಪು ಮತ್ತು ಹಳದಿ ಶಾಯಿ ಬೆರೆಸಿ ನೀವೇ ಕಿತ್ತಳೆ ಮಾಡಿ ಪೆನ್ನಿಗೆ ತುಂಬುವುದೂ ಬೇಡ. ಕೆಲವು ಬಣ್ಣಗಳ ಅಯಾನುಗಳು ಋಣ, ಕೆಲವುಗಳದು ಧನ. ಅವು ಸೇರಿದರೆ ಕರಗದ ಒತ್ತರ ಉಂಟಾಗಬಹುದು. ಅದು ಫೀಡ್ ಒಳಗೆ ಉಂಟಾದರೆ ನೀರಿಗೆ ಬಗ್ಗುವುದಿಲ್ಲ. ಕುತೂಹಲವಿದ್ದರೆ ಗಾಜಿನ ಸೀಸೆಯಲ್ಲಿ ಬೆರೆಸಿ ಕೆಲವು ದಿನ ಇಟ್ಟು ಗಮನಿಸಿ.

ಕಿತ್ತಳೆ ಶಾಯಿ ಎಲ್ಲಿಗೆ ಸೂಕ್ತ?

ನೋಟ್ಸು, ಚಿತ್ರ, ಪುನರಾವರ್ತನೆಯ ಗುರುತುಗಳಿಗೆ ಚೆನ್ನಾಗಿದೆ. ಉತ್ತರ ಪತ್ರಿಕೆಗೆ ನೀಲಿ ಅಥವಾ ಕಪ್ಪು ಮಾತ್ರ. ಕೆಂಪಿಗೆ ಹತ್ತಿರದ ಬಣ್ಣ ಮೌಲ್ಯಮಾಪಕರ ಗುರುತುಗಳೊಂದಿಗೆ ಬೆರೆತು ಗೊಂದಲವಾದೀತು. ಪ್ರಯೋಗದ ದಾಖಲೆ ಪುಸ್ತಕ, ಅರ್ಜಿ, ಸಹಿಗಳಿಗೂ ಬೇಡ. ನೀರು ತಗುಲಿದರೆ ಬಣ್ಣ ಅಳಿಸುತ್ತದೆ, ಬಿಸಿಲಿಗೆ ಮಾಸುತ್ತದೆ, ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಮಸುಕಾಗಬಹುದು.

ಪರೀಕ್ಷೆಗೆ ಇಂಕ್ ಪೆನ್ನನ್ನೇ ಒಯ್ಯುವವರು ಕಿತ್ತಳೆ ತುಂಬಿದ ಪೆನ್ನಿಗೇ ಹಿಂದಿನ ರಾತ್ರಿ ನೀಲಿ ತುಂಬಬೇಡಿ. ಫೀಡ್‌ನಲ್ಲಿ ಉಳಿದ ಬಣ್ಣ ಮೊದಲ ಪುಟಗಳಲ್ಲೇ ಬೆರೆತು ಬರುತ್ತದೆ. ಕನಿಷ್ಠ ಮೂರು ದಿನ ಮೊದಲು ತೊಳೆದು, ಒಣಗಿಸಿ, ನೀಲಿ ತುಂಬಿ, ನಾಲ್ಕೈದು ಪುಟ ಬರೆದು ನೋಡಿ. ಇನ್ನೊಂದು ಪೆನ್ನು ಜೊತೆಗಿರಲಿ.

ಮಾಡಿ ನೋಡಿ

1. ಸೋಸು ಕಾಗದದ ಪಟ್ಟಿಯ ಬುಡದಿಂದ 2 ಸೆಂ.ಮೀ. ಮೇಲೆ ಕಿತ್ತಳೆ ಶಾಯಿಯ ಒಂದು ಚುಕ್ಕೆ ಇಟ್ಟು ಒಣಗಿಸಿ. ಚುಕ್ಕೆ ಮುಳುಗದಂತೆ ಪಟ್ಟಿಯ ತುದಿಯನ್ನು ನೀರಿನಲ್ಲಿ ನಿಲ್ಲಿಸಿ. ಹಳದಿ ಮತ್ತು ಕೆಂಪು ಬೇರೆಯಾದವೇ, ಅಥವಾ ಒಂದೇ ಬಣ್ಣ ಏರಿತೇ? ಇದರಿಂದ ಆ ಶಾಯಿಯ ಬಗ್ಗೆ ಏನು ಹೇಳಬಹುದು?
2. ಗಾಜಿನ ಸ್ಲೈಡಿನ ಮೇಲೆ ಕಿತ್ತಳೆ ಮತ್ತು ನೀಲಿ ಶಾಯಿಯ ಒಂದೊಂದು ಹನಿ ಒಣಗಿಸಿ, ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ.
3. ಶಾಯಿಯ ಬಾಟಲಿಯನ್ನು ಬಹುಕಾಲ ತೆರೆದಿಟ್ಟರೆ ಅದರ ಸಾರತೆ ಏನಾಗುತ್ತದೆ? ಆ ಶಾಯಿ ಹೆಚ್ಚು ಹುಡಿ ಕಟ್ಟುವುದೋ, ಕಡಿಮೆಯೋ? ಕಾರಣ ಬರೆಯಿರಿ.

ಮೊದಲೆರಡು ಪ್ರಯೋಗಗಳನ್ನು ಬಿಡುವಿನ ಅವಧಿಯಲ್ಲಿ ಪ್ರಯೋಗಾಲಯದಲ್ಲಿ ಮಾಡಬಹುದು. ಒಣಗಿದ ಪಟ್ಟಿಗಳನ್ನು ನಿಮ್ಮ ಶಾಯಿಯ ಹೆಸರು ಬರೆದು ತನ್ನಿ. ವಿಭಾಗದ ಸೂಚನಾ ಫಲಕದಲ್ಲಿ ಅಕ್ಕಪಕ್ಕ ಅಂಟಿಸೋಣ.

— ರಸಾಯನಶಾಸ್ತ್ರ ವಿಭಾಗ